ಅಮ್ಮನ ಕತ್ತರಿ ಎಲೇನಿಯ ಕೈಗೆ ಹೋದ ವರ್ಷ

ನಿನ್ನೆ ಸಂಜೆ ಇಲ್ಲಿ ವರ್ಜೀನಿಯಾದ ಸೆಂಟರ್‌ವಿಲ್‌ನ ಇಂಡಿಯನ್ ಅಂಗಡಿಯಲ್ಲಿ ಕೊತ್ತಂಬರಿ ಸೊಪ್ಪು ಆರಿಸುತ್ತಿದ್ದೆ. ಪಕ್ಕದಲ್ಲೇ ಅಂಗಡಿಯವನು ಒಂದು ರಟ್ಟಿನ ಪೆಟ್ಟಿಗೆಯ ಟೇಪು ಕಿತ್ತು ತೆರೆದ. ಒಳಗೆ ಕಪ್ಪು ದ್ರಾಕ್ಷಿ. ಬೀಜದ್ದು, ಮೈಮೇಲೆ ಬೂದಿ ಸವರಿದಂತಿರುವ ಜಾತಿ. ಅದರ ವಾಸನೆ ಮೂಗಿಗೆ ಬಡಿಯಿತು. ಬೇರೆಯವರಿಗೆ ಇಂಥ ವಾಸನೆಯಿಂದ ಬಾಲ್ಯ ನೆನಪಾಗಿ ಕಣ್ಣು ತುಂಬುತ್ತದಂತೆ. ನನಗೆ ಮೊದಲು ಹೊಟ್ಟೆ ಉರಿಯಿತು, ನೆನಪು ಆಮೇಲೆ ಬಂತು.

ಉರಿ ಹಳೆಯದು, 2022ರದು. ಆ ಏಪ್ರಿಲ್‌ನಲ್ಲಿ ಅಮ್ಮ ಆರು ತಿಂಗಳು ಇದ್ದು ಹೋಗಲು ನಮ್ಮ ಮನೆಗೆ ಬಂದಳು. ಸೂಟ್‌ಕೇಸಿನಲ್ಲಿ ಹುರಿಹಿಟ್ಟು, ಹುರುಳಿಕಾಳು, ಚಟ್ನಿಪುಡಿ. ಎಲ್ಲದರ ಅಡಿಯಲ್ಲಿ ಹಳೇ ಟವೆಲಿನಲ್ಲಿ ಸುತ್ತಿಟ್ಟ ಅವಳ ತೋಟದ ಕತ್ತರಿ. ಕೆಂಪು ಹಿಡಿ, ಹಿಡಿ ಸವೆದ ಕಡೆ ಸೈಕಲ್ ಟ್ಯೂಬಿನ ರಬ್ಬರು ಸುತ್ತಿದ್ದು.

"ಇದನ್ಯಾಕಮ್ಮ ತಂದೆ?" ಎಂದೆ.

"ಇರ್ಲಿ ಅಂತ," ಎಂದಳು.

ನಮ್ಮೂರು ದೇವನಹಳ್ಳಿಯಾಚೆ, ಚಿಕ್ಕಬಳ್ಳಾಪುರದ ಕಡೆ. ಎರಡೂವರೆ ಎಕರೆ ದ್ರಾಕ್ಷಿ ಚಪ್ಪರ, ಬೆಂಗಳೂರು ಬ್ಲೂ ಎನ್ನುವ ಜಾತಿ. ಅಪ್ಪ ಇದ್ದಾಗಲೂ ತೋಟ ಅಮ್ಮನದೇ. ಯಾವ ಕಡ್ಡಿಗೆ ಕತ್ತರಿ ಹಾಕಬೇಕು, ಯಾವುದನ್ನು ಬಿಡಬೇಕು, ಯಾವತ್ತು ಕೀಳಬೇಕು ಎಂದು ಅಕ್ಕಪಕ್ಕದ ಹಳ್ಳಿಯವರೂ ಅವಳನ್ನೇ ಕೇಳಲು ಬರುತ್ತಿದ್ದರು. ನನಗೆ ಮಾತ್ರ ತೋಟಕ್ಕೆ ಪ್ರವೇಶವಿರಲಿಲ್ಲ. "ನೀನು ಓದ್ಕೋ ಹೋಗು, ಇಲ್ಲಿಗೆ ಬಂದ್ರೆ ಕಾಲು ಮುರೀತೀನಿ" ಎನ್ನುತ್ತಿದ್ದಳು. ಏಳನೇ ಕ್ಲಾಸಿನಲ್ಲಿದ್ದಾಗ ಒಮ್ಮೆ ಇದೇ ಕತ್ತರಿ ಕದ್ದು ಒಂದು ಕಡ್ಡಿ ಕತ್ತರಿಸಿದ್ದೆ. ಕೆನ್ನೆಗೆ ಬಿದ್ದ ಏಟಿನ ಬಿಸಿ ಸಂಜೆಯವರೆಗೂ ಆರಲಿಲ್ಲ. ಆಮೇಲೆ ನಾನು ಓದಿದೆ, ಚೆನ್ನಾಗಿಯೇ ಓದಿದೆ, ಮದುವೆಯಾಗಿ ಇಲ್ಲಿಗೆ ಬಂದೆ. ದ್ರಾಕ್ಷಿ ಬೆಳೆಯುವವಳ ಮಗಳಾಗಿಯೂ ಬಳ್ಳಿ ಮುಟ್ಟಲು ಬಾರದವಳು ನಾನು.

ಬಂದ ಮೂರನೇ ವಾರ ಅಮ್ಮ ನಮ್ಮ ಕಾಲೋನಿಯ ರಸ್ತೆ ಬದಿಯ ಪೊದೆಗಳಿಗೆಲ್ಲ ಕತ್ತರಿ ಹಾಕಿಬಿಟ್ಟಳು. ನಾನು ಮೀಟಿಂಗಿನಲ್ಲಿದ್ದೆ. ಹೊರಗೆ ಬಂದು ನೋಡಿದರೆ ಇಪ್ಪತ್ತು ಪೊದೆಗಳು ಮೊಣಕಾಲೆತ್ತರಕ್ಕೆ ಇಳಿದಿವೆ, ಅಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಇಪ್ಪತ್ತೊಂದನೆಯದರ ಮುಂದೆ ಕುಕ್ಕರುಗಾಲಿನಲ್ಲಿ ಕೂತಿದ್ದಾಳೆ. ಮರುವಾರ ಕಾಲೋನಿಯ ಕಮಿಟಿಯಿಂದ ನೋಟಿಸು ಬಂತು. ನನ್ನ ಗಂಡ ಗಿರೀಶ ಅದನ್ನು ಓದಿ ನಕ್ಕು ಸುಸ್ತಾದ. "ನಿಮ್ಮಮ್ಮನಿಗೆ ಗಿಡ ಬೇಕು ಸುಧಾ. ಎಲ್ಲಾದ್ರೂ ಡ್ರೈವ್ ಮಾಡ್ಕೊಂಡು ಕರ್ಕೊಂಡ್ಹೋಗು. ಇಲ್ಲಾಂದ್ರೆ ಪಕ್ಕದ ಮನೆಯವ್ರ ರೋಸ್‌ಗೂ ಕತ್ತರಿ ಬೀಳುತ್ತೆ."

ಹಾಗೆ ಮೇ ಕೊನೆಯ ಶನಿವಾರ ಬೆಟ್ಟದ ಕಡೆಗೆ ಒಂದು ಗಂಟೆ ಕಾರು ಓಡಿಸಿಕೊಂಡು ಹೋದೆ. ಆಫೀಸಿನವರು ಫೋಟೋ ತೆಗೆಸಿಕೊಳ್ಳಲು ಹೋಗುವ ವೈನರಿ ಅದು. ಅಮ್ಮನಿಗೆ 'ದ್ರಾಕ್ಷಿ ತೋಟ' ಎಂದಷ್ಟೇ ಹೇಳಿದ್ದೆ. ಗೇಟಿನ ಮೇಲಿನ ಬಾಟಲಿ ಚಿತ್ರ ನೋಡಿ ಅವಳೇ ಅಂದಳು: "ಹೆಂಡ ಮಾಡೋ ಜಾಗ ಅಂತ ಹೇಳೋಕೇನು? ನಮ್ಮ ತೋಟದ ಹಣ್ಣೂ ಎಷ್ಟೋ ಸಲ ಇಂಥ ಕಡೆಗೇ ಹೋಗಿದೆ."

ಅದು ಒಂದು ಗ್ರೀಕ್ ಕುಟುಂಬದ್ದು. ಅಜ್ಜ ದ್ವೀಪವೊಂದರಿಂದ ಬಂದು ರಾಜಧಾನಿ ಡಿಸಿಯ ಹೋಟೆಲಿನಲ್ಲಿ ಪಾತ್ರೆ ತೊಳೆದು, ಆಮೇಲೆ ಈ ಗುಡ್ಡ ಕೊಂಡು, ತನ್ನ ದ್ವೀಪದ ದ್ರಾಕ್ಷಿಕಡ್ಡಿಗಳನ್ನು ಮನೆಯ ಮುಂದೆ ನೆಟ್ಟನಂತೆ. ಈಗ ಅವನ ಮಗ ಸ್ತಾವ್ರೋಸ್, ಎಂಬತ್ತರ ಮುದುಕ, ಮತ್ತು ಮುದುಕನ ಮಗಳು ಎಲೇನಿ ಅದನ್ನು ನೋಡಿಕೊಳ್ಳುತ್ತಾರೆ. ಎಲೇನಿಗೆ ನನ್ನದೇ ವಯಸ್ಸು, ನಲವತ್ತರ ಮೇಲೆ ಎರಡೋ ಮೂರೋ. ಬಿಸಿಲಿಗೆ ಕಂದಿದ ಮುಖ, ಉಗುರಿನಲ್ಲಿ ಮಣ್ಣು. ಅವಳ ತಾಯಿ ತೀರಿಕೊಂಡು ಆರು ವರ್ಷವಾಗಿತ್ತು. ಇದು ನನಗೆ ಮೊದಲ ದಿನವೇ ಗೊತ್ತಾಗಿತ್ತು ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ, ಮುಂದೆ ನಾನು ಮಾಡಿದ್ದಕ್ಕೆ ತಿಳಿಯದೆ ಮಾಡಿದೆ ಎನ್ನುವ ನೆಪ ಉಳಿಯಬಾರದು.

ಮನೆಯ ಮುಂದಿನ ಗ್ರೀಕ್ ಬಳ್ಳಿಗಳನ್ನು ಅಮ್ಮ ಹಾಗೇ ದಾಟಿಹೋದಳು. ಹಿತ್ತಲಿನಾಚೆ, ಕೊಟ್ಟಿಗೆಯ ಹಿಂದೆ ಎಂಟು ಸಾಲು ಬೇರೆ ಬಳ್ಳಿಗಳಿದ್ದವು. ಅಲ್ಲಿ ಹೋಗಿ ನಿಂತು ಒಂದು ಎಲೆ ಮಗುಚಿದಳು. ಎಲೆಯ ಹಿಂಬದಿ ಬೆಳ್ಳಗೆ, ಹತ್ತಿಯಂತೆ ಮೆತ್ತಗೆ. ಹೆಬ್ಬೆರಳಿನಲ್ಲಿ ಸವರಿ, "ಇದು ನಮ್ದು ಕಣೇ," ಎಂದಳು. "ಈ ಎಲೆ ನಮ್ದು."

ಹಿಂದೆ ನಿಂತಿದ್ದ ಎಲೇನಿ ಏನಂದರು ಎಂದು ಕೇಳಿದಳು. ಹೇಳಿದೆ. ಊರಿನ ತೋಟದ ಫೋಟೋ ತೋರಿಸಿದೆ. ಎಲೇನಿ ಫೋನು ಹಿಗ್ಗಿಸಿ ಹಿಗ್ಗಿಸಿ ನೋಡಿ, ಹೌದು, ಎರಡೂ ಒಂದೇ ಕುಲ ಎಂದಳು. ಈ ಜಾತಿ ಹುಟ್ಟಿದ್ದು ಇಲ್ಲೇ ದಕ್ಷಿಣಕ್ಕೆ, ಕೆರೊಲಿನಾದ ಕಡೆ ಅಂತ ಹೇಳ್ತಾರೆ, ಅಲ್ಲಿಂದ ಹಡಗು ಹತ್ತಿ ಲೋಕವೆಲ್ಲ ಸುತ್ತಿತು ಎಂದಳು. ನಾನು ಅಮ್ಮನಿಗೆ ಹೇಳಿದಾಗ ಅಮ್ಮ ಎರಡೂ ಕೈಯಿಂದ ಬಳ್ಳಿಯನ್ನು ಹಿಡಿದುಕೊಂಡಳು. "ಹಂಗಾದ್ರೆ ನಮ್ಮ ಗಿಡದ ತವರುಮನೆ ಇದು."

ಹದಿನಾಲ್ಕು ವರ್ಷದಿಂದ ಗ್ರೀನ್ ಕಾರ್ಡಿನ ಸಾಲಿನಲ್ಲಿ ನಿಂತವಳು ನಾನು. ಒಂದು ಗಿಡಕ್ಕೆ ಇಲ್ಲಿ ತವರುಮನೆ ಇದೆ ಎಂದರೆ ನನಗೆ ಹೇಗಾಗಬೇಡ? ಆದರೆ ಅದು ಆ ದಿನದ ಸಣ್ಣ ಉರಿ. ದೊಡ್ಡದು ಹತ್ತಿದ್ದು ಹೊರಡುವ ಹೊತ್ತಿಗೆ. ಮುಂದಿನ ಶನಿವಾರವೂ ನಿಮ್ಮ ತಾಯಿಯನ್ನು ಕರೆತರುತ್ತೀರಾ, ನಾನು ಅವರನ್ನು ಏನೆಂದು ಕರೆಯಲಿ ಎಂದು ಎಲೇನಿ ಕೇಳಿದಳು.

"ಅಮ್ಮ ಅನ್ನು ಅಂತ ಹೇಳು," ಎಂದಳು ಅಮ್ಮ.

ನಾನು ಎಲೇನಿಗೆ, "ಆಂಟಿ ಅಂದ್ರೆ ಸಾಕಂತೆ," ಎಂದೆ.

ಎಲೇನಿ ಬಾಯಿತುಂಬ "ಆಂಟಿ" ಎಂದಳು. ಅಮ್ಮ ತಲೆಯಾಡಿಸಿ, ತನ್ನ ಎದೆ ಮುಟ್ಟಿಕೊಂಡು, "ಆಂಟಿ ಅಲ್ಲ. ಅಮ್ಮ. ಅಮ್ಮ!" ಎಂದಳು. ಎಲೇನಿ "ಅಮ್ಮಾ" ಎಂದಳು. ನಾನು ಕಾರಿನ ಕೀ ಹುಡುಕುವ ನೆಪದಲ್ಲಿ ಬ್ಯಾಗಿಗೆ ತಲೆ ಹಾಕಿದೆ.

ಆಮೇಲೆ ಪ್ರತಿ ಶನಿವಾರ. ಬೆಳಿಗ್ಗೆ ಐದಕ್ಕೇ ಎದ್ದು ಅಮ್ಮ ಚಿತ್ರಾನ್ನ ಕಲಸಿ, ಕತ್ತರಿಗೆ ಎಣ್ಣೆ ಬಿಟ್ಟು, ಕಾರಿನ ಪಕ್ಕ ನಿಂತಿರುತ್ತಿದ್ದಳು. ಅಲ್ಲಿ ಎಲೇನಿಗೆ ಯಾವ ಚಿಗುರು ತೆಗೆಯಬೇಕು, ಗೊಂಚಲಿನ ಮುಂದಿನ ಎಲೆಯನ್ನು ಎಷ್ಟು ಬಿಡಿಸಬೇಕು ಎಂದು ತೋರಿಸುತ್ತಿದ್ದಳು. ಕನ್ನಡದಲ್ಲೇ ಬೈಯುತ್ತಿದ್ದಳು. ಎಲೇನಿ ತಪ್ಪು ಕಡ್ಡಿ ಹಿಡಿದರೆ ಅವಳ ಕೈ ಮೇಲೆ ಒಂದು ಬಿಟ್ಟು, "ಅಯ್ಯೋ ದಡ್ಡಿ, ಅದಲ್ಲ" ಎನ್ನುತ್ತಿದ್ದಳು. ಎಲೇನಿ ನಗುತ್ತಿದ್ದಳು. ಆ ಏಟಿನ ಮೇಲೂ ನನಗೆ ಹೊಟ್ಟೆಕಿಚ್ಚು. ಅದೇ ಕೈ, ಅದೇ ಕತ್ತರಿ. ನನಗೆ ಬಿದ್ದದ್ದು ದೂರ ಹೋಗೆಂದು, ಅವಳಿಗೆ ಬೀಳುತ್ತಿದ್ದುದು ಹತ್ತಿರ ಬಾ ಎಂದು.

ನಾನು ಬೇಲಿ ಪಕ್ಕದ ಕುರ್ಚಿಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿರುತ್ತಿದ್ದೆ. ಭಾಷೆ ಬೇಕಾದಾಗ ಕರೆಯುತ್ತಿದ್ದರು, ದಿನ ಕಳೆದಂತೆ ಕರೆಯುವುದೂ ಕಡಿಮೆಯಾಯಿತು. ಹುಲ್ಲು ಮೇಯಲು ಸಾಲುಗಳ ನಡುವೆ ಬಿಟ್ಟ ಗಿಡ್ಡ ಕುರಿಗಳಿದ್ದವು. ಅಮ್ಮ ಅವುಗಳಿಗೂ ಹೆಸರಿಟ್ಟಳು. ಒಂದರ ಹೆಸರು ಸುಧಾ. "ಅದೊಂದೇ ದೂರ ನಿಂತ್ಕೊಂಡು ನೋಡ್ತದೆ," ಎಂದಳು ಕಾರಣ ಕೇಳಿದಾಗ.

ನಿಜ ಹೇಳಬೇಕೆಂದರೆ ಆ ಮನೆಯ ಎಲ್ಲದರ ಮೇಲೂ ನನಗೆ ಹೊಟ್ಟೆಕಿಚ್ಚು. ಅಪ್ಪ ಮಗಳು ಎಲ್ಲರೆದುರೇ ಗಂಟಲು ಹರಿಯುವಂತೆ ಜಗಳವಾಡಿ, ಐದು ನಿಮಿಷಕ್ಕೆ ಒಂದೇ ಮೇಜಿನಲ್ಲಿ ರೊಟ್ಟಿ ಮುರಿದುಕೊಂಡು ತಿನ್ನುತ್ತಿದ್ದರು. ನಮ್ಮ ಮನೆಯಲ್ಲಿ ಜಗಳವೇ ಇಲ್ಲ. ಫೋನಿನಲ್ಲಿ "ಆಯ್ತು, ಊಟ ಆಯ್ತಾ, ಇಡ್ತೀನಿ" ಅಷ್ಟೆ.

ಅವರ ಜಗಳವಿದ್ದದ್ದು ಆ ಹಿಂದಿನ ಎಂಟು ಸಾಲಿನ ಬಗ್ಗೆ. ಮುಂದಿನ ಗ್ರೀಕ್ ಬಳ್ಳಿಗಳಿಗೆ ವರ್ಜೀನಿಯಾದ ಸೆಕೆ ಆಗದು, ಬೂಷ್ಟು ಹಿಡಿಯುತ್ತದೆ. ಬೇಸಿಗೆಯೆಲ್ಲ ಮದ್ದು ಹೊಡೆಯಬೇಕು. ಈ ನೆಲದ ಬಳ್ಳಿಗಳಿಗೆ ಅದು ಬೇಡ. ಮಳೆನೀರು ಹಿಡಿದಿಟ್ಟು, ಕುರಿ ಮೇಯಿಸಿ, ಹಳೇ ಬಾಟಲಿ ತೊಳೆದು ಬಳಸಿ, ಮದ್ದಿಲ್ಲದೆ ತೋಟ ನಡೆಸಬೇಕೆಂಬುದು ಎಲೇನಿಯ ಹಟ. ಮುದುಕನಿಗೆ ಅವು ಕಾಡು ಬಳ್ಳಿ, ಮಕ್ಕಳ ಜ್ಯೂಸಿಗೆ ಲಾಯಕ್ಕು. ನಮ್ಮಲ್ಲಿ ಹಿತ್ತಲ ಗಿಡ ಮದ್ದಲ್ಲ ಎನ್ನುವುದಿಲ್ಲವೇ, ಹಾಗೆ. ಕೊನೆಗೆ ಅವನು ಮಗಳಿಗೆ ಒಂದು ಮಾತು ಕೊಟ್ಟಿದ್ದ. ಈ ಒಂದು ಬೆಳೆಯಲ್ಲಿ ವೈನ್ ಮಾಡಿ ತೋರಿಸು. ಗೆದ್ದರೆ ಮನೆ ಮುಂದಿನ ಸಾಲುಗಳಲ್ಲೂ ನಿನ್ನ ಬಳ್ಳಿ ನೆಡು. ಸೋತರೆ ಚಳಿಗಾಲಕ್ಕೆ ಎಂಟೂ ಸಾಲು ಕೀಳಿಸುತ್ತೇನೆ.

ಸೆಪ್ಟೆಂಬರಿನಲ್ಲಿ ಹಿಂದಿನ ಸಾಲುಗಳು ಕಪ್ಪಾದವು. ಕಾರಿನ ಬಾಗಿಲು ತೆರೆಯುತ್ತಲೇ ಆ ವಾಸನೆ. ಎಲೇನಿ ಇನ್ನಷ್ಟು ಸಕ್ಕರೆ ತುಂಬಲಿ ಎಂದು ಕಾಯುತ್ತಿದ್ದಳು. ಹಿಂದಿನ ವರ್ಷಗಳಲ್ಲೆಲ್ಲ ಜಾಮಿಗೆಂದು ಬೇಗ ಕಿತ್ತುಬಿಡುತ್ತಿದ್ದರಂತೆ, ಇಷ್ಟು ದಿನ ಬಳ್ಳಿಯಲ್ಲಿ ಬಿಟ್ಟದ್ದು ಇದೇ ಮೊದಲು. ದಕ್ಷಿಣದಲ್ಲೊಂದು ಬಿರುಗಾಳಿ ಎದ್ದಿತ್ತು. ಅದರ ಮಳೆ ಕೆರೊಲಿನಾಕ್ಕೇ ನಿಲ್ಲುತ್ತದೆ, ನಮಗೆ ಬರೀ ತುಂತುರು ಎಂದು ಫೋನು ಹೇಳುತ್ತಿತ್ತು. ಮುಂದಿನ ಶನಿವಾರ ನೆರೆಯವರನ್ನೆಲ್ಲ ಕರೆದು ಕಟಾವು ಎಂದು ಎಲೇನಿ ಗೊತ್ತುಮಾಡಿದ್ದಳು.

ಕಟಾವಿಗೆ ಒಂದು ವಾರ ಮೊದಲಿನ ಆ ಶನಿವಾರ ಅಮ್ಮ ಸಾಲಿನುದ್ದಕ್ಕೂ ನಡೆದು, ಒಂದು ಗೊಂಚಲು ಅಲುಗಿಸಿದಳು. ಎರಡು ಹಣ್ಣು ಉದುರಿದವು. ತೊಟ್ಟು ನೋಡಿದಳು. ಆಮೇಲೆ ತನ್ನ ಕೆಂಪು ಹಿಡಿಯ ಕತ್ತರಿಯನ್ನು ಸೆರಗಿನಲ್ಲಿ ಒರೆಸಿ ಎಲೇನಿಯ ಕೈಗಿಟ್ಟು ಅವಳ ಬೆರಳು ಮಡಿಚಿದಳು. "ಇದು ನಿಂಗೇ. ನಾನು ಇನ್ನೆರಡು ವಾರಕ್ಕೆ ಹೊರಡ್ತೀನಿ," ಎಂದು ಅವಳಿಗೆ ಹೇಳಿ, ನನ್ನ ಕಡೆ ತಿರುಗಿದಳು. "ಸುಧಾ, ಮುಂದಿನ ವಾರದವರೆಗೆ ಕಾಯೋದು ಬೇಡ ಅಂತ ಹೇಳು. ನಾಳೆನೇ ಕೀಳ್ಬೇಕು. ಈ ಜಾತಿ ಹಣ್ಣಾದ ಮೇಲೆ ಮಳೆ ಬಿದ್ರೆ ತೊಟ್ಟು ಬಿಡ್ತದೆ. ಒಂದೂ ಉಳಿಯಲ್ಲ."

ನಾನು ಆ ಕತ್ತರಿಯನ್ನೇ ನೋಡುತ್ತಿದ್ದೆ. ಎಲೇನಿ ಅದನ್ನು ಎದೆಗೊತ್ತಿಕೊಂಡಿದ್ದಳು, ಕಣ್ಣು ಒದ್ದೆ. ಅಮ್ಮ ಏನು ಹೇಳುತ್ತಿದ್ದಾರೆ ಎಂದು ನನ್ನನ್ನು ಕೇಳಿದಳು.

"ಹಣ್ಣು ಚೆನ್ನಾಗಿದೆ ಅಂತಿದ್ದಾರೆ," ಎಂದೆ.

ಅಷ್ಟೇ. ಯೋಚಿಸಿ ಹೇಳಿದ್ದಲ್ಲ ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಆದರೆ ಆಮೇಲೆ ಆರು ದಿನವಿತ್ತು, ನನ್ನ ಫೋನಿನಲ್ಲಿ ಎಲೇನಿಯ ನಂಬರಿತ್ತು. ಗುರುವಾರ ಮಳೆ ಶುರುವಾಯಿತು. ಶುಕ್ರವಾರ ಇಡೀ ದಿನ ಹೊಯ್ಯಿತು. ನಾನು ಸೂರಿನಿಂದ ಸುರಿಯುವ ನೀರು ನೋಡುತ್ತ ಆಫೀಸಿನ ಬಾಕಿ ಕೆಲಸಗಳನ್ನು ಒಂದೊಂದಾಗಿ ಮುಗಿಸಿದೆ. ಅಮ್ಮ ಮಾತ್ರ ನೆಮ್ಮದಿಯಾಗಿದ್ದಳು. "ಸದ್ಯ, ಭಾನುವಾರವೇ ಕಿತ್ಕೊಂಡಿರ್ತಾಳೆ," ಎಂದಳು.

ಶನಿವಾರ ಹೋದೆವು. ಹಿಂದಿನ ಸಾಲುಗಳ ಕೆಳಗೆ ಹುಲ್ಲು ಕಾಣಿಸುತ್ತಿರಲಿಲ್ಲ, ಅಷ್ಟು ಹಣ್ಣು ಬಿದ್ದಿತ್ತು. ಬಳ್ಳಿಗಳಲ್ಲಿ ಬರೀ ತೊಟ್ಟುಗಳ ಗೊಂಚಲು. ಕುರಿಗಳ ಮೂತಿ ನೇರಳೆ. ಎಲೇನಿ ಸಾಲಿನ ಕೊನೆಯಲ್ಲಿ ಖಾಲಿ ಬಕೆಟ್ ಬೋರಲು ಹಾಕಿಕೊಂಡು ಕೂತಿದ್ದಳು. ಸ್ತಾವ್ರೋಸ್ ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದ. ಬೈಯುತ್ತಿರಲಿಲ್ಲ. ಅವನು ಬೈಯದಿರುವುದನ್ನು ನಾನು ಮೊದಲ ಸಲ ನೋಡಿದೆ.

"ಕಾಡಿನದು ಕಾಡಿನ ಬುದ್ಧಿ ತೋರಿಸ್ತು," ಎಂದನು. "ಚಳಿಗಾಲಕ್ಕೆ ಕೀಳಿಸ್ತೀನಿ." ಎಲೇನಿ ತಲೆಯೆತ್ತಲಿಲ್ಲ.

ಅಮ್ಮ ನನ್ನ ಕಡೆ ತಿರುಗಿದಳು. "ಹೇಳಿದ್ಯಾ ನೀನು?"

"ಹೇಳ್ದೆ," ಎಂದೆ.

ಅಮ್ಮ ಹೋಗಿ ಕಾರಿನಲ್ಲಿ ಕೂತಳು. ದಾರಿಯಲ್ಲಿ ಹತ್ತು ಮೈಲಿ ಹೋದ ಮೇಲೆ, "ಗಾಡಿ ನಿಲ್ಸು," ಎಂದಳು. ಒಂದು ಗ್ಯಾಸ್ ಸ್ಟೇಷನ್ನಿನ ಪಕ್ಕ ನಿಲ್ಲಿಸಿದೆ.

"ಹೇಳಿದ್ರೆ ಅವಳು ಕೀಳದೆ ಇರ್ತಿದ್ಲಾ? ನಾನು ಕೂತ್ಕೋ ಅಂದ್ರೆ ಕೂತ್ಕೊಳ್ಳೋಳು ಅವಳು. ಯಾಕೆ ಸುಧಾ?"

ಮೂವತ್ತು ವರ್ಷದ್ದು ಬಾಯಿಗೆ ಬಂತು. "ನಂಗೆ ಒಂದು ದಿನ ಕೊಟ್ಟಿದ್ದೀಯಾ ಆ ಕತ್ತರಿ? ಮುಟ್ಟಿದ್ದಕ್ಕೆ ಹೊಡ್ದೆ. ನಿನ್ನೆ ಮೊನ್ನೆ ಸಿಕ್ಕಿದೋಳಿಗೆ ಕರ್ದು ಕೊಟ್ಟೆ. ನಾನು ನಿನ್ ಮಗಳಲ್ವಾ?"

ನಿನ್ನ ಒಳ್ಳೇದಕ್ಕೇ ದೂರ ಇಟ್ಟೆ ಎನ್ನುತ್ತಾಳೆ ಎಂದುಕೊಂಡಿದ್ದೆ. ಆ ಉತ್ತರಕ್ಕೆ ಎದುರುತ್ತರವನ್ನೂ ರೆಡಿ ಮಾಡಿಕೊಂಡಿದ್ದೆ. ಅಮ್ಮ ಕಿಟಕಿಯಾಚೆ ನೋಡುತ್ತ ಬೇರೆಯೇ ಹೇಳಿದಳು.

"ನಾನು ಮೂರನೇ ಕ್ಲಾಸು. ನಿನ್ನ ಓದಿಸ್ಬೇಕು ಅಂತ ಹಟ ಮಾಡಿದ್ದೂ ನಾನೇ. ಆದ್ರೆ ನೀನು ಪುಸ್ತಕ ಹಿಡ್ಕೊಂಡು ಕೂತ್ರೆ ನಂಗೆ ಹೊಟ್ಟೆ ಉರೀತಿತ್ತು ಕಣೇ. ಒಂದೊಂದು ದಿನ ಒಲೆಗೆ ಹಾಕ್ಬಿಡೋಣ ಅನ್ನಿಸ್ತಿತ್ತು. ಊರೋರೆಲ್ಲ ಸುಧಾ ಬುದ್ಧಿವಂತೆ ಸುಧಾ ಬುದ್ಧಿವಂತೆ ಅನ್ನೋರು. ದ್ರಾಕ್ಷಿ ವಿಷ್ಯಕ್ಕೆ ಮಾತ್ರ ಜಯಮ್ಮನ್ನ ಕೇಳಿ ಅನ್ನೋರು. ನಂದು ಅಂತ ಇದ್ದಿದ್ದು ಅದೊಂದು. ಅದನ್ನೂ ನಿಂಗೆ ಕಲಿಸ್ಬಿಟ್ಟು ನಾನೇನಾಗ್ಬೇಕಿತ್ತು?"

ನಾನು ಸ್ಟಿಯರಿಂಗ್ ಹಿಡಿದುಕೊಂಡು ಕೂತೆ. ಯಾವ ತಾಯಿಯೂ ಮಗಳಿಗೆ ಹೇಳುವ ಮಾತಲ್ಲ ಅದು. ನನ್ನ ಉರಿ ಎಲ್ಲಿಂದ ಬಂದದ್ದು ಎಂದು ಕೊನೆಗೂ ತಿಳಿಯಿತು. ತಾಯಿಯಂತೆ ಮಗಳು ಎಂದು ಸುಮ್ಮನೆ ಅಂದದ್ದಲ್ಲ ದೊಡ್ಡವರು.

"ಆ ಹುಡುಗಿ ನನ್ನಿಂದ ಏನೂ ಕಿತ್ಕೊಂಡಿರ್ಲಿಲ್ಲ, ಅದಕ್ಕೇ ಕೊಡೋಕೆ ಸುಲಭ ಆಯ್ತು," ಎಂದಳು ಅಮ್ಮ. ಆಮೇಲೆ ಮೂಗು ಒರೆಸಿಕೊಂಡು, "ಗಾಡಿ ತಿರುಗ್ಸು. ನಿನ್ ಬಾಯಲ್ಲೇ ಹೇಳ್ಬೇಕು."

ಕೊಟ್ಟಿಗೆಯ ಮುಂದೆ ನಿಂತು ಹೇಳಿದೆ. ಅಮ್ಮ ಪಕ್ಕದಲ್ಲಿ ನಿಂತು, ಅರ್ಥವಾಗದಿದ್ದರೂ ನನ್ನ ಒಂದೊಂದು ಇಂಗ್ಲಿಷ್ ಮಾತಿಗೂ ತಲೆಯಾಡಿಸುತ್ತಿದ್ದಳು. ನಾಳೆಯೇ ಕೀಳಿ ಎಂದು ನನ್ನ ತಾಯಿ ಹೇಳಿದ್ದರು, ನಾನು ಬೇಕೆಂದೇ ಮುಚ್ಚಿಟ್ಟೆ, ನಿನ್ನ ಮೇಲಿನ ಹೊಟ್ಟೆಕಿಚ್ಚಿನಿಂದ ಎಂದೆ. ಎಲೇನಿಯ ಮುಖ ಬಿಳಿಚಿತು. ಮೊದಲು ಮಾತಾಡಿದವನು ಮುದುಕ.

"ಅಂದ್ರೆ ದ್ರಾಕ್ಷಿದು ತಪ್ಪಲ್ಲ," ಎಂದನು. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದನು. "ಇನ್ನೊಂದು ಬೆಳೆ ನೋಡೋಣ."

ಎಲೇನಿ ಒಳಗೆ ಹೋಗಿ ಒಂದು ಬಕೆಟ್ಟು, ಒಂದು ಸಾದಾ ಕತ್ತರಿ ತಂದು ನನ್ನ ಮುಂದಿಟ್ಟಳು. "ಇವತ್ತು ಕ್ಷಮಿಸಲ್ಲ," ಎಂದಳು. "ಮೇಲಿನ ಸಾಲಿನಲ್ಲಿ ಸ್ವಲ್ಪ ಉಳಿದಿದೆ. ಕೀಳು."

ಕತ್ತಲಾಗುವವರೆಗೂ ಕಿತ್ತೆ. ನಲವತ್ತೆರಡನೇ ವಯಸ್ಸಿಗೆ ಮೊದಲ ಸಲ. ಬೆರಳೆಲ್ಲ ಕೊಯ್ದುಕೊಂಡೆ. ಅಮ್ಮ ಪಕ್ಕದ ಬಳ್ಳಿಯಿಂದಲೇ, "ತೊಟ್ಟು ಹಿಡ್ಕೋ, ಹಣ್ಣಲ್ಲ," ಎಂದು ಬೈದಳು. ನನ್ನ ಕೈ ಮೇಲೆ ಒಂದು ಬಿಟ್ಟಳು. ಉಳಿದ ಹಣ್ಣು ವೈನಿಗೆ ಸಾಲದು ಎಂದು ಸ್ತಾವ್ರೋಸ್ ಅದರ ರಸ ಕಾಯಿಸಿ, ಹಿಟ್ಟು ತಿರುವಿ, ಬಟ್ಟಲುಗಳಲ್ಲಿ ಆರಲು ಇಟ್ಟ. ಅವರ ದ್ವೀಪದಲ್ಲಿ ಪ್ರತಿ ಕಟಾವಿಗೂ ಹಾಗೆ ಮಾಡುತ್ತಾರಂತೆ. ಅಮ್ಮ ಬಾಯಿಗಿಟ್ಟು, "ನಮ್ಮ ಹಾಲುಬಾಯಿ ಥರಾನೇ ಐತೆ," ಎಂದು ಎರಡನೇ ಬಟ್ಟಲು ಕೇಳಿದಳು. ಈ ಸಲ ಸರಿಯಾಗಿ ಭಾಷಾಂತರ ಮಾಡಿದೆ.

ಮರುವಾರ ಅಮ್ಮ ಹೊರಟಳು, ಸೂಟ್‌ಕೇಸಿನಲ್ಲಿ ಕತ್ತರಿಯಿಲ್ಲದೆ.

ಮರುವರ್ಷ ಹಿಂದಿನ ಸಾಲುಗಳಿಂದ ವೈನ್ ಬಂತು. ಮುದುಕ ಒಂದು ಗ್ಲಾಸು ಕುಡಿದು ಏನೂ ಹೇಳದೆ ಇನ್ನೊಂದು ಸುರಿದುಕೊಂಡನಂತೆ. ಮುಂದಿನ ಗ್ರೀಕ್ ಬಳ್ಳಿಗಳಲ್ಲಿ ಒಂದೇ ಒಂದು ಸಾಲನ್ನು ಮಗಳಿಗೆ ಬಿಟ್ಟುಕೊಟ್ಟಿದ್ದಾನೆ. ಮಿಕ್ಕವುಗಳಿಗಾಗಿ ಜಗಳ ಈಗಲೂ ನಡೆದಿದೆ. ಅಮ್ಮ ಮತ್ತು ಎಲೇನಿ ವಾರಕ್ಕೊಮ್ಮೆ ವಿಡಿಯೋ ಕಾಲ್ ಮಾಡಿಕೊಳ್ಳುತ್ತಾರೆ. ಒಬ್ಬರಿಗೊಬ್ಬರ ಭಾಷೆ ಬಾರದು, ಎಲೆ ತೋರಿಸುತ್ತಾರೆ. ನಿನ್ನೆ ಅಂಗಡಿಯಿಂದಲೇ ಅಮ್ಮನಿಗೆ ಫೋನ್ ಮಾಡಿದೆ. ಅಲ್ಲಿ ಬೆಳಗಿನ ಜಾವ, ಆದರೂ ಎದ್ದಿರುತ್ತಾಳೆಂದು ಗೊತ್ತಿತ್ತು. "ಆಮೇಲೆ ಮಾಡ್ತೀನಿ ಇರು, ಎಲೇನಿ ಲೈನಲ್ಲವ್ಳೆ," ಎಂದು ಇಟ್ಟಳು.

ನಾಳೆ ಕಟಾವು. ಈಗ ಮೂರು ವರ್ಷದಿಂದ ನಾನೂ ಹೋಗುತ್ತೇನೆ. ಹಿಂದಿನ ಮೊದಲ ಸಾಲು ನನ್ನದು. ಆ ಒಂದು ಸಾಲಿಗೆ ಎಲೇನಿ ನನ್ನ ಕೈಗೆ ಕೆಂಪು ಹಿಡಿಯ ಕತ್ತರಿ ಕೊಡುತ್ತಾಳೆ, ಸಾಲು ಮುಗಿದಾಗ ಕೈ ಚಾಚಿ ವಾಪಸ್ ಕೇಳುತ್ತಾಳೆ. ಕೊಡುತ್ತೇನೆ. ಪ್ರತಿ ಸಲವೂ ಸ್ವಲ್ಪ ತಡಮಾಡಿ ಕೊಡುತ್ತೇನೆ, ಅವಳು ಅಷ್ಟು ಹೊತ್ತೂ ಚಾಚಿದ ಕೈ ಹಿಂದೆ ತೆಗೆಯದೆ ನಿಂತಿರುತ್ತಾಳೆ.